ಕೌದಿಯ ತುತ್ತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬೆಳಕಿಗಿಂತ ಮೊದಲು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಬೀದರಿನ ಮಿಷನ್ ದವಾಖಾನೆಯ ಹಿಂದಿನ ಓಣಿಯಲ್ಲಿ ಕೆಂಪು ಕಲ್ಲಿನ ಗೋಡೆಯ ಪುಟ್ಟ ಮನೆ ನಮ್ಮದು. ನಾನು ಹೇಳಹೊರಟಿರುವ ಆ ದಿನವೂ ನಾನು ಕಣ್ಣು ಬಿಡುವಷ್ಟರಲ್ಲಿ ಅವ್ವ ಒಲೆಯ ಮುಂದೆ ಕೂತಿದ್ದಳು. ಜೋಳದ ಹಿಟ್ಟು ಅವಳ ಮೊಣಕೈವರೆಗೂ ಹತ್ತಿತ್ತು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಏಳುವ ಆವಿಯ ವಾಸನೆ ಮೂಗಿಗೆ ಬಂದರೆ ಸಾಕು, ನನಗೆ ಚಳಿ ಅರ್ಧ ಕಡಿಮೆಯಾಗುತ್ತಿತ್ತು.

ಅಪ್ಪ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅವರ ಕೈಗಳಿಂದ ಯಾವಾಗಲೂ ಔಷಧದ ವಾಸನೆ ಬರುತ್ತಿತ್ತು. ಅಕ್ಕ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಅವ್ವ ಜಡೆ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅಕ್ಕ ಹಾಕಿದರೆ ನಿದ್ದೆ ಬರುತ್ತಿತ್ತು. ಅವಳ ಬೆರಳುಗಳು ಅಷ್ಟು ಹಗುರ. ಬಲಗೈಯ ನಡುಬೆರಳ ತುದಿಯಲ್ಲಿ ಮಾತ್ರ ಸೂಜಿ ಒತ್ತಿ ಒತ್ತಿ ಒಂದು ಗಟ್ಟಿ ಚುಕ್ಕೆ ಎದ್ದಿತ್ತು. ಅದು ನನ್ನ ಕಿವಿಗೆ ತಾಗಿದಾಗಲೆಲ್ಲ ಕಚಗುಳಿಯಾಗುತ್ತಿತ್ತು.

ಪಕ್ಕದ ಮನೆಯ ಕಾಕು ಬಾವಿಯಿಂದ ನೀರು ತಂದವಳು, ಕೊಡ ಇಳಿಸದೆಯೇ ನಮ್ಮ ಬಾಗಿಲಲ್ಲಿ ನಿಂತಳು.

"ಏನ್ರೀ, ಇವತ್ತ ಮೈಸೂರ ಮಹಾರಾಣಿ ಬರ್ಲಕತ್ತಾಳಂತ ನಿಮ್ಮ ಮನಿಗಿ?"

"ಮಹಾರಾಣಿ ಅಲ್ರಿ ಕಾಕು, ಇನ್ಸ್‌ಪೆಕ್ಟರ್ ಮೇಡಂ. ಬರೋದು ಸಾಲಿಗಿ, ಮನಿಗಲ್ಲ," ಎಂದಳು ಅವ್ವ, ರೊಟ್ಟಿ ತಿರುವುತ್ತಾ.

"ಯಾರರೆ ಬರ್ಲಿ. ನಮ್ಮ ಹುಡುಗಿ ಕೈ ನೋಡಿದ್ರ ಕುರ್ಚಿ ಬಿಟ್ಟು ಏಳ್ತಾಳ ನೋಡ್ರಿ ಆಕಿ," ಎಂದು ಕಾಕು ನಕ್ಕು, ನೀರು ತುಳುಕಿಸುತ್ತಾ ಹೋದಳು. ಅಕ್ಕ ನಗಲಿಲ್ಲ. ನನ್ನ ಜಡೆಯ ಕೊನೆಗೆ ರಿಬ್ಬನ್ ಕಟ್ಟುವಾಗ ಅವಳ ಕೈ ತಣ್ಣಗಿತ್ತು.

ಅದು ಯಾಕೆ ಅಂತ ನಿಮಗೆ ಹೇಳಬೇಕು ಮಕ್ಕಳೇ. ನಮ್ಮ ಊರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಅಕ್ಕ ಮೊದಲು ಉರ್ದು ಅಕ್ಷರ ಕಲಿತವಳು, ನಡುವಿನಲ್ಲಿ ಕನ್ನಡಕ್ಕೆ ಬಂದವಳು. ಎರಡೂ ಅರ್ಧರ್ಧವಾಗಿ ಪರೀಕ್ಷೆಯಲ್ಲಿ ನಪಾಸಾಗಿದ್ದಳು. ಓದಿನಲ್ಲಿ ತೊದಲುತ್ತಿದ್ದ ಅದೇ ಹುಡುಗಿ ಸೂಜಿ ಹಿಡಿದರೆ ಬೇರೆಯವಳೇ ಆಗುತ್ತಿದ್ದಳು. ನಮ್ಮ ಮಿಷನ್ ಶಾಲೆಯಲ್ಲಿ ಆಗ ಕೈಗೆಲಸದ ಶಿಬಿರ ನಡೆದಿತ್ತು. ಹೈದರಾಬಾದಿನಿಂದ ಬಂದಿದ್ದ ಹೊಲಿಗೆಯ ಟೀಚರಬಾಯಿ ಅದನ್ನು ನಡೆಸುತ್ತಿದ್ದರು. ಶಿಬಿರದ ಕೊನೆಯ ದಿನ ಹೊಸ ರಾಜ್ಯದ ಶಾಲಾ ಇನ್ಸ್‌ಪೆಕ್ಟರ್ ಮೇಡಂ ಬಂದು, ಒಬ್ಬ ಹುಡುಗಿಯ ಕೆಲಸ ಮೆಚ್ಚಿ, ಅವಳನ್ನು ಕೈಗೆಲಸದ ಟೀಚರ್ ತರಬೇತಿಗೆ ಮೈಸೂರಿಗೆ ಕಳಿಸುವವರಿದ್ದರು. ಪಾಸು ನಪಾಸು ಕೇಳುವುದಿಲ್ಲ, ಕೈ ನೋಡುತ್ತೇವೆ ಅಂದಿದ್ದರಂತೆ.

ಅಪ್ಪ ಹಿಂದಿನ ವಾರವೇ ಮಾತು ಮುಗಿಸಿದ್ದರು. "ಆರಿಸಿದ್ರ ಹೋಗ್ಲಿ, ನಾ ಬ್ಯಾಡನ್ನಾಂಗಿಲ್ಲ. ಇಲ್ಲಂದ್ರ ದವಾಖಾನ್ಯಾಗ ಆಯಾ ಜಾಗಾ ಖಾಲಿ ಅದ. ಎಷ್ಟ ದಿನ ಮನ್ಯಾಗ ಕೂಡ್ತಾಳ?" ಆಯಾ ಎಂದರೆ ವಾರ್ಡಿನ ನೆಲ ತೊಳೆಯುವುದು, ರಕ್ತದ ಪಟ್ಟಿಗಳನ್ನು ಔಷಧದ ನೀರಿನಲ್ಲಿ ಒಗೆಯುವುದು. ಆ ಕೆಲಸ ಮಾಡುವ ಹೆಂಗಸರ ಕೈಗಳನ್ನು ನಾನು ಚರ್ಚಿನಲ್ಲಿ ನೋಡಿದ್ದೆ. ಪ್ರಾರ್ಥನೆಗೆ ಜೋಡಿಸಿದಾಗ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿರುತ್ತಿದ್ದವು. ಅಕ್ಕನೂ ನೋಡಿದ್ದಳು.

ಶಿಬಿರದ ದಿನಗಳು ಮಾತ್ರ ನಮಗೆಲ್ಲ ಹಬ್ಬವಾಗಿದ್ದವು. ಭಾಲ್ಕಿ, ಔರಾದ ಕಡೆಯ ಹುಡುಗಿಯರು ಹಾಸಿಗೆ ಸುತ್ತಿಕೊಂಡು ಮೋಟಾರಿನಲ್ಲಿ ಬಂದು ಹಾಸ್ಟೆಲಿನಲ್ಲಿ ಉಳಿದಿದ್ದರು. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಒಂದು ಕಡೆ ಒದ್ದೆ ಮಣ್ಣಿನ ವಾಸನೆ, ಇನ್ನೊಂದು ಕಡೆ ಮೈದಾ ಅಂಟಿನ ವಾಸನೆ. ಬೆಂಡೆಕಾಯಿ ಅಡ್ಡ ಕೊಯ್ದು, ಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿದರೆ ಹೂವು ಮೂಡುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲೇ. ನಾನು ಮಣ್ಣಿನ ಕೋಳಿ ಮಾಡಿದ್ದೆ. ಕೊಕ್ಕು ಉದುರಿ ಹೋದದ್ದರಿಂದ ಎಲ್ಲರೂ ಅದನ್ನು ಬೆಕ್ಕು ಅಂದುಕೊಂಡಿದ್ದರು.

ಅಕ್ಕ ಹೊಲಿದದ್ದು ಕೌದಿ. ಅಪ್ಪನ ಹಳೆಯ ಕೋಟಿನ ಅಸ್ತರ, ದವಾಖಾನೆಯ ಹರಿದ ಹಸಿರು ಪರದೆ, ನನಗೆ ಗಿಡ್ಡವಾದ ಫ್ರಾಕು, ಭಾಲ್ಕಿಯ ಹುಡುಗಿಯ ಲಂಗದ ತುಂಡು, ಔರಾದದ ಹುಡುಗಿ ಕೊಟ್ಟ ಅವಳ ಅಜ್ಜನ ರುಮಾಲಿನ ಕೊನೆ, ಎಲ್ಲ ಸೇರಿಸಿದ್ದಳು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ. ಒಂದೊಂದು ಹೊಲಿಗೆಯೂ ಎಳ್ಳಿನ ಕಾಳಿನಷ್ಟು. ಹೀಗೆ ಹೊಲಿಯುವುದನ್ನು ಅವಳಿಗೆ ಕಲಿಸಿದವಳು ಔರಾದ ಹತ್ತಿರದ ಸಂತಪುರದಲ್ಲಿದ್ದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಹೊಲಿಗೆಯ ಜೊತೆಗೆ ಆಯಿ ಇನ್ನೊಂದನ್ನೂ ಕಲಿಸಿದ್ದಳು. ಕೌದಿಯ ಕೊನೆಯ ಕಿಂಡಿ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ತುಂಬಿಸಿಯೇ ಅದನ್ನು ಇನ್ನೊಂದು ಮನೆಗೆ ಕಳಿಸಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ, ಹೊಲಿದವಳ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಆಯಿ ನಂಬಿದ್ದಳು. ಇಂಥದ್ದೆಲ್ಲ ನಂಬಬಾರದು ಅಂತ ಅಪ್ಪ ಭಾನುವಾರ ಚರ್ಚಿನಿಂದ ಬರುವಾಗ ನಮಗೆ ಹೇಳುತ್ತಿದ್ದರು. ಆಯಿಯ ಮುಂದೆ ಮಾತ್ರ ಹೇಳುತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಅಕ್ಕ ಕೌದಿ ಮುಗಿಸಿ, ನಟ್ಟನಡುವೆ ರೊಟ್ಟಿಯ ಚೂರು ಇಟ್ಟು, ಕಿಂಡಿ ಮುಚ್ಚಿ, ಶಾಲೆಯ ಜಾಲರಿ ಬಾಗಿಲಿನ ಕಪಾಟಿನಲ್ಲಿ ಇಟ್ಟು ಬಂದಿದ್ದಳು. ಆ ಬಾಗಿಲಿನ ಜಾಲರಿ ಕೆಳಗಿನ ಮೂಲೆಯಲ್ಲಿ ಕಿತ್ತಿತ್ತು.

ಆ ಬೆಳಿಗ್ಗೆ ಅವ್ವ ನಮ್ಮ ಬುತ್ತಿ ಕಟ್ಟಿದಳು. ಮಡಿಚಿದ ರೊಟ್ಟಿಯ ನಡುವೆ ಕೆಂಪು ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಅದರ ಮೇಲೆ ಧಾರಾಳವಾಗಿ ಕುಸುಬೆ ಎಣ್ಣೆ. ದೊಡ್ಡ ದಿನ ಅಂತ ಎಣ್ಣೆ ಎಂದಿಗಿಂತ ಒಂದು ಕೈ ಮುಂದೆಯೇ ಬಿದ್ದಿತ್ತು. ಅಕ್ಕ ಬುತ್ತಿಯನ್ನು ಎದೆಗೊತ್ತಿ ಹಿಡಿದು ನಡೆದಳು. ಇಬ್ಬನಿಗೆ ಓಣಿಯ ಕೆಂಪು ಮಣ್ಣು ಒದ್ದೆಯಾಗಿತ್ತು. ದಾರಿಯುದ್ದಕ್ಕೂ ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಮೇಡಂ ಹೆಸರು ಕೇಳಿದರೆ ಹೇಳಬೇಕಾದ ಪುಸ್ತಕದ ಕನ್ನಡವನ್ನು ಅಭ್ಯಾಸ ಮಾಡುತ್ತಿದ್ದಳು.

ಶಾಲೆಯ ಗೇಟಿನಲ್ಲೇ ಔರಾದದ ಹುಡುಗಿ ಓಡಿ ಬಂದಳು. "ಅಕ್ಕಾ, ಲಗು ಬಾ. ಇಲಿ ಕಡದಾವ, ನಿನ್ನ ಕೌದಿ..."

ಪಡಸಾಲೆಯ ಮೇಜಿನ ಮೇಲೆ ಕೌದಿ ಹರವಿಟ್ಟಿದ್ದರು. ನಡುವಿನಲ್ಲಿ ನನ್ನ ಮುಷ್ಟಿಯಷ್ಟು ತೂತು. ಸುತ್ತ ಬಣ್ಣಬಣ್ಣದ ಅರಿವೆಯ ಪುಡಿ. ಅಪ್ಪನ ಕೋಟಿನ ಅಸ್ತರ, ನನ್ನ ಫ್ರಾಕು, ಎಲ್ಲ ಸೇರಿ ಹುಡಿಹುಡಿಯಾಗಿದ್ದವು. ಬೇರೆ ಯಾವುದನ್ನೂ ಇಲಿ ಮುಟ್ಟಿರಲಿಲ್ಲ. ಪಕ್ಕದಲ್ಲೇ ಇದ್ದ ಭಾಲ್ಕಿಯ ಹುಡುಗಿಯ ಮೇಜುಬಟ್ಟೆ ಹಾಲಿನ ಕೆನೆಯ ಹಾಗೆ ಮಡಿಚಿಟ್ಟಲ್ಲೇ ಇತ್ತು.

ಟೀಚರಬಾಯಿ ತೂತಿನಲ್ಲಿ ಬೆರಳಾಡಿಸಿ, ರೊಟ್ಟಿಯ ಒಂದು ಒಣ ಚೂರನ್ನು ತೆಗೆದು ನೋಡಿದರು. "ಇದರಾಗ ರೊಟ್ಟಿ ಇಟ್ಟಿದ್ದೇನ ನೀ?"

"ಹೌದ್ರಿ," ಎಂದಳು ಅಕ್ಕ.

ಟೀಚರಬಾಯಿ ಬೈಯಲಿಲ್ಲ. ಅವರು ಯಾವಾಗಲೂ ಸಣ್ಣ ನೀಲಿ ಅಂಚಿನ ಬಿಳಿ ಸೀರೆ ಉಡುತ್ತಿದ್ದರು. ಸೆರಗಿನ ತುದಿಯನ್ನು ಹಿಡಿದು ಒಂದು ಕ್ಷಣ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಕರಕ್ಕನೆ ಒಂದು ತುಂಡು ಕತ್ತರಿಸಿ ಅಕ್ಕನ ಕೈಗಿಟ್ಟರು. "ಘಾಬರಿ ಆಗಬ್ಯಾಡ. ಅಳೋದು ಆಮ್ಯಾಲ. ಮೇಡಂ ಬರೋದ್ರಾಗ ಮುಗಸು, ಜಲ್ದಿ."

ಅಕ್ಕ ಕಂಬಕ್ಕೆ ಒರಗಿ ಕೂತಳು. ನಾನು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟೆ. ಆ ಬಿಳಿ ತುಂಡನ್ನು ಅವಳು ಸುಮ್ಮನೆ ಚೌಕವಾಗಿ ಹಚ್ಚಲಿಲ್ಲ. ಅಂಚು ಮಡಿಚುತ್ತಾ, ಅಲ್ಲಲ್ಲಿ ಒಳಗೆ ಎಳೆಯುತ್ತಾ, ಹತ್ತಿಯ ಹೂವಿನ ಆಕಾರ ತಂದಳು. ಸೂಜಿ ಹೋಗಿ ಬರುವುದು ಕಾಣುತ್ತಲೇ ಇರಲಿಲ್ಲ. ಹೂವು ತಾನಾಗಿ ಅರಳುತ್ತಿರುವ ಹಾಗಿತ್ತು. ಹುಡುಗಿಯರೆಲ್ಲ ಬಂದು ಸುತ್ತ ನೆರೆದರು. ಭಾಲ್ಕಿಯ ಹುಡುಗಿ ತನ್ನ ಸಾಮಾನು ಜೋಡಿಸುವುದನ್ನು ಬಿಟ್ಟು ಅಲ್ಲೇ ಮಂಡಿಯೂರಿ ಕೂತು, ಬಟ್ಟೆ ಬಿಗಿಯಾಗಿ ಹಿಡಿದುಕೊಟ್ಟಳು. ಟೀಚರಬಾಯಿ ಬಗ್ಗಿ ನೋಡಿ, "ಅರೆ, ಮೊದಲಿಗಿಂತ ಚಂದ ಆಯ್ತಲ್ಲೇ ಹುಡುಗಿ! ಇಲಿಗಿ ಬಕ್ಷೀಸ್ ಕೊಡಬೇಕು," ಎಂದಾಗ ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ. ಅವಳ ಹಲ್ಲಿನ ನಡುವೆ ಕಚ್ಚಿ ಹಿಡಿದ ಬಿಳಿ ದಾರದ ಎಳೆ ನನಗೆ ಇನ್ನೂ ಕಾಣುತ್ತದೆ.

ಅಷ್ಟರಲ್ಲಿ ಜೀಪಿನ ಸದ್ದು ಬಂತು. ಟೀಚರಬಾಯಿ ಗೇಟಿಗೆ ಓಡಿದರು, ಹುಡುಗಿಯರು ತಮ್ಮ ತಮ್ಮ ಮೇಜಿಗೆ ಓಡಿದರು. ಹೂವಿನ ಕೊನೆಯ ಎಸಳು ಮುಚ್ಚುವುದು ಬಾಕಿ ಇತ್ತು. ಅಕ್ಕನ ಕೈ ನಿಂತಿತು. ಅವಳು ಬುತ್ತಿಯ ಗಂಟು ಬಿಚ್ಚಿ, ರೊಟ್ಟಿಯ ಅಂಚಿನಿಂದ ಒಂದು ಚೂರು ಮುರಿದಳು.

"ಅಕ್ಕಾ, ಮತ್ತ ಇಲಿ ಬರ್ತದ," ಎಂದೆ ನಾನು.

"ಇಲಿ ಬರೋದು ರಾತ್ರಿ. ರಾತ್ರಿ ಆಗೋದ್ರಾಗ ಇದು ಮೈಸೂರ ದಾರಿ ಹಿಡದಿರ್ತದ. ಅಷ್ಟ ದೂರ ಹೋಗೋದು, ಖಾಲಿ ಹೊಟ್ಟಿಲೆ ಹ್ಯಾಂಗ ಕಳಸ್ಲಿ?" ಎಂದಳು. ನನಗೆ ಅದು ಸರಿಯಾದ ಮಾತೇ ಅನಿಸಿತು. ಮೆಚ್ಚಿದ ಕೆಲಸವನ್ನು ಮೇಡಂ ತಮ್ಮ ಜೊತೆ ಒಯ್ಯುತ್ತಾರೆ ಅಂತ ನಮಗೆ ಹೇಳಿದ್ದರು.

ಚೂರನ್ನು ಒಳಗಿಟ್ಟು ಎಸಳು ಮುಚ್ಚಿದಳು. ಹೊಸ ಹೊಲಿಗೆ ಸ್ವಲ್ಪ ಉಬ್ಬಿ ಕಾಣುತ್ತಿತ್ತು. ಅದಕ್ಕೆ ಕೌದಿಯನ್ನು ಮಡಿಚಿ, ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ನನ್ನನ್ನೇ ಕೂರಿಸಿದಳು. "ಅಲ್ಲಾಡಬ್ಯಾಡ. ಗಟ್ಟಿ ಕೂಡು." ಇಸ್ತ್ರಿಯ ಕೆಲಸ ನನ್ನದಾಯಿತೆಂದು ನಾನು ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಬೆನ್ನಿಗೆ ಎಳೆ ಬಿಸಿಲು ಬೀಳುತ್ತಿತ್ತು. ಮೇಡಂ ಒಂದೊಂದೇ ಮೇಜು ನೋಡಿಕೊಂಡು ಬರುವವರೆಗೂ ಅಲ್ಲಾಡಲಿಲ್ಲ.

ಇನ್ಸ್‌ಪೆಕ್ಟರ್ ಮೇಡಂ ಕೆಟ್ಟವರಾಗಿರಲಿಲ್ಲ ಮಕ್ಕಳೇ. ತೆಳ್ಳಗಿನ ಮುಖ, ರಸ್ತೆಯ ಧೂಳಿಗೆ ಕೆಂಪಾಗಿದ್ದ ಕಣ್ಣು. ನನ್ನ ಕೊಕ್ಕಿಲ್ಲದ ಕೋಳಿಯನ್ನು ಕೈಗೆತ್ತಿಕೊಂಡು, "ಎಷ್ಟು ಮುದ್ದಾಗಿದೆ ಬೆಕ್ಕು," ಅಂದರು. ನಮ್ಮ ಮೇಜಿಗೆ ಬಂದಾಗ ಟೀಚರಬಾಯಿಯ ಮುಖ ಅರಳಿತು. "ಮೇಡಂ, ಇದನ್ನ ನೀವು ನೋಡಲೇಬೇಕ್ರಿ."

"ಬಿಡಿಸಿ ನೋಡೋಣ," ಎಂದರು ಮೇಡಂ.

ಅಕ್ಕ ಒಂದು ತುದಿ, ಭಾಲ್ಕಿಯ ಹುಡುಗಿ ಒಂದು ತುದಿ ಹಿಡಿದು ಕೌದಿಯನ್ನು ಬಿಡಿಸಿದರು.

ಬಿಳಿ ಹೂವಿನ ನಟ್ಟನಡುವೆ ಕೆಂಪು ಹಳದಿ ಕಲೆ. ರೊಟ್ಟಿಯ ಅಂಚಿಗೂ ಹಿಂಡಿಯ ಎಣ್ಣೆ ಇಳಿದಿತ್ತು. ಹಲಗೆಯ ಭಾರಕ್ಕೆ, ಬಿಸಿಲಿಗೆ ಅದು ಒಳಗಿನಿಂದ ಒಸರಿ ಎಸಳಿನಿಂದ ಎಸಳಿಗೆ ಹರಡಿತ್ತು. ಮಡಿಕೆಯ ಆಚೆ ಬದಿಗೂ ಅದೇ ಕಲೆ ಮಂಕಾಗಿ ಒತ್ತಿಕೊಂಡಿತ್ತು. ನಾನು ಆಗ ಸೂಕ್ಷ್ಮವಾಗಿ ನೋಡಿದ್ದು ಕೌದಿಯನ್ನಲ್ಲ, ಟೀಚರಬಾಯಿಯ ಕತ್ತರಿಸಿದ ಸೆರಗನ್ನು. ಅವರು ಅದನ್ನು ಮುಷ್ಟಿಯೊಳಗೆ ಸುತ್ತಿಕೊಳ್ಳುತ್ತಿದ್ದರು.

ಮೇಡಂ ಕಲೆಯನ್ನು ಬೆರಳಿಂದ ಒತ್ತಿದರು. "ಒಳಗೇನೋ ಇದೆಯಲ್ಲ. ಏನಮ್ಮ ಇದು?"

ದಾರಿಯುದ್ದಕ್ಕೂ ಕಲಿತ ಪುಸ್ತಕದ ಕನ್ನಡ ಅಕ್ಕನ ನಾಲಿಗೆಗೆ ಬರಲೇ ಇಲ್ಲ. "ರೊಟ್ಟಿ ಅದರಿ. ಖಾಲಿ ಹೊಟ್ಟಿಲೆ ಕಳಸಬಾರದ್ರಿ ಅದಕ."

"ಯಾರನ್ನು?"

"ಕೌದಿಗಿರಿ."

ಮೇಡಂ ಪಕ್ಕದಲ್ಲಿ ನಿಂತಿದ್ದ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ಸರ ಮುಖ ನೋಡಿದರು. ಅವರು ಮುಜುಗರದಿಂದ ನಕ್ಕು, "ಹಳ್ಳಿಯ ಪದ್ಧತಿ ಮೇಡಂ," ಎಂದರು. ಮೇಡಂ ಕರವಸ್ತ್ರ ತೆಗೆದು ಆ ಬೆರಳನ್ನು ನಿಧಾನವಾಗಿ ಒರೆಸಿಕೊಂಡರು. ಆಮೇಲೆ ಅಕ್ಕನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಹೊಲಿಗೆ ಬಹಳ ಚೆನ್ನಾಗಿದೆ ಕಣಮ್ಮ. ಆದರೆ ನಾಳೆ ನೀನು ಮಕ್ಕಳಿಗೆ ಕಲಿಸುವವಳು. ಶುಚಿಯಾಗಿ ಕೆಲಸ ಮಾಡುವುದನ್ನು ಮೊದಲು ಕಲಿಯಬೇಕಲ್ಲವೇ?"

"ಮೇಡಂ, ಹುಡುಗಿ ಕೈ ನೋಡ್ರಿ. ಇಂಥಾ ಕೈ ನಾ ಹೈದರಾಬಾದ್‌ನ್ಯಾಗೂ ನೋಡಿಲ್ಲ," ಎಂದರು ಟೀಚರಬಾಯಿ.

"ನೋಡಿದೆ. ಮುಂದಿನ ವರ್ಷ ಮತ್ತೆ ಕಳಿಸಿ, ನೋಡೋಣ."

ಮುಂದಿನ ವರ್ಷ ಶಿಬಿರ ಇರಲಿಲ್ಲ. ರಾಜ್ಯ ಬೇರೆಯಾದ ಮೇಲೆ ಟೀಚರಬಾಯಿಯ ನೌಕರಿ ಆ ಕಡೆಗೇ ಉಳಿದಿತ್ತು. ಅವರು ಆ ವಾರವೇ ಹೈದರಾಬಾದಿಗೆ ಮರಳುವವರಿದ್ದರು. ಅಲ್ಲಿ ನಿಂತಿದ್ದವರಿಗೆಲ್ಲ ಅದು ಗೊತ್ತಿತ್ತು, ಮೇಡಂ ಒಬ್ಬರಿಗೆ ಗೊತ್ತಿರಲಿಲ್ಲ. ಅವರು ಮುಂದಿನ ಮೇಜಿಗೆ ನಡೆದು ಮೇಜುಬಟ್ಟೆಯನ್ನು ಬೆಳಕಿಗೆ ಹಿಡಿದರು. ಆಯ್ಕೆಯಾದವಳೆಂದು ತನ್ನ ಹೆಸರು ಕೂಗಿದಾಗ ಭಾಲ್ಕಿಯ ಹುಡುಗಿ ಕೌದಿಯ ತುದಿಯನ್ನು ಇನ್ನೂ ಹಿಡಿದುಕೊಂಡೇ ಇದ್ದಳು. ಹೋಗಲೋ ಬೇಡವೋ ಎಂಬಂತೆ ಅಕ್ಕನ ಮುಖ ನೋಡಿದಳು. ಅಕ್ಕನೇ ಅವಳ ಕೈಯಿಂದ ತುದಿ ಬಿಡಿಸಿಕೊಂಡು, "ಹೋಗವ್ವ, ಕರ್ಲಕತ್ತಾರ," ಎಂದಳು.

ಮಧ್ಯಾಹ್ನ ನಾವು ಬುತ್ತಿ ಉಣ್ಣಲಿಲ್ಲ. ಅಕ್ಕ ಕೌದಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆದಳು, ನಾನು ಕೋಳಿಯನ್ನು ಹಿಡಿದು ಅವಳ ಹಿಂದೆ ನಡೆದೆ. ಬೆಳಿಗ್ಗೆ ಒದ್ದೆಯಾಗಿದ್ದ ಮಣ್ಣು ಈಗ ಕಾಲಿಗೆ ಬಿಸಿಯಾಗಿ ಹತ್ತುತ್ತಿತ್ತು. ಅವ್ವ ಕಲೆಯನ್ನು ನೋಡಿದಳು, ಮೂಸಿದಳು. ಒಲೆಯ ಪಕ್ಕದ ಎಣ್ಣೆಯ ಡಬ್ಬಿಯನ್ನು ಎತ್ತಿ ಒಳಗೆ ಇಟ್ಟು ಬಂದಳು. ಯಾಕೆ ಹಾಗೆ ಮಾಡಿದಳೋ.

ಸಂಜೆ ಅಪ್ಪ ಬಂದರು. ಅವ್ವ ಸಣ್ಣ ದನಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿದರು. "ನಾ ಎಷ್ಟ ಸಲ ಹೇಳೀನಿ ಇಂಥವೆಲ್ಲ..." ಎಂದು ಶುರು ಮಾಡಿದವರು, ಗೋಡೆಗೆ ಮುಖ ಮಾಡಿ ಕೂತ ಅಕ್ಕನನ್ನು ನೋಡಿ ನಿಲ್ಲಿಸಿದರು. ಆಮೇಲೆ, "ನಾಳಿ ಮುಂಜಾನಿ ನನ್ನ ಸಂಗಟ ಬಾ. ಚಪ್ಪಲ್ ಹಾಕ್ಕೊಂಡ ಬಾ, ವಾರ್ಡಿನ ನೆಲ ಭಾಳ ಥಂಡ ಇರ್ತದ," ಎಂದರು.

"ಹೂನಪ್ಪ," ಎಂದಳು ಅಕ್ಕ.

ನಿಮ್ಮ ಶಾಲೆಯಲ್ಲೂ ಮೊನ್ನೆ ಕೈಗೆಲಸದ ಶಿಬಿರ ಆಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಲ್ಲರ ಮುಂದೆ ಕತ್ತರಿಸಿಟ್ಟ ಬಣ್ಣದ ಕಾಗದ, ಟ್ಯೂಬಿನ ಅಂಟು, ಮಿನುಗುವ ಪುಡಿ. ನಿನ್ನ ಚಿಟ್ಟೆಯ ರೆಕ್ಕೆ ಹರಿದಾಗ ಮಿಸ್ಸು ನಕ್ಕು ಇನ್ನೊಂದು ಹಾಳೆ ಕೊಟ್ಟರು. ಅದೂ ಹರಿದಾಗ ಮತ್ತೊಂದು ಕೊಟ್ಟರು. ಕೊನೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು, ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟರು. ಒಳ್ಳೆಯದಾಯಿತು ಅಂದುಕೊಂಡೆ, ನಿಜವಾಗಿ ಅಂದುಕೊಂಡೆ. ಆದರೂ ಆ ಎರಡನೆಯ ಹಾಳೆ ಮಿಸ್ಸಿನ ಕೈಯಿಂದ ನಿನ್ನ ಕೈಗೆ ಬಂದ ಹೊತ್ತಿನಲ್ಲಿ ನಾನು ನನ್ನ ಸೆರಗಿನ ತುದಿ ಹಿಡಿದು ನೋಡಿಕೊಂಡೆ. ನೀವು ದೊಡ್ಡಜ್ಜಿಯನ್ನು, ಅಂದರೆ ನನ್ನ ಈ ಅಕ್ಕನನ್ನು, ನೋಡಿದ್ದೀರಿ. ಅವಳು ಕೆನ್ನೆ ಸವರಿದರೆ ಚುಚ್ಚುತ್ತದೆ ಅಂತ ನೀವು ಮುಖ ಹಿಂದೆ ಎಳೆದುಕೊಳ್ಳುತ್ತಿದ್ದಿರಿ. ಅಂಗಿಯ ಗುಂಡಿ ಹಚ್ಚಿಕೊಡು ಅಂದರೂ ಅವಳು ಸೂಜಿ ಮುಟ್ಟುತ್ತಿರಲಿಲ್ಲ. ಬೆರಳಿಗೆ ಸೂಜಿ ಗೊತ್ತೇ ಆಗುವುದಿಲ್ಲ ಅನ್ನುತ್ತಿದ್ದಳು. ಆ ಕೈಗಳೇ ಒಂದು ಬೆಳಿಗ್ಗೆ ಇಲಿ ಕಡಿದ ತೂತಿನ ಮೇಲೆ ಹತ್ತಿಯ ಹೂವು ಅರಳಿಸಿದ್ದವು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಕು ಒಲೆಗೆ ಕೆಂಡ ಕೇಳಿಕೊಂಡು ಬಂದಳು. ಅವ್ವ ಕೆಂಡ ತೆಗೆದು ಕೊಡುವಾಗ, ಮೂಲೆಯಲ್ಲಿ ಮಡಿಚಿಟ್ಟಿದ್ದ ಕೌದಿ ಕಾಕುವಿನ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಕಾಲಿನ ಹೆಬ್ಬೆರಳಿಂದ ಅದರ ದಪ್ಪ ಒತ್ತಿ ನೋಡಿ, ಕೆಂಡವನ್ನು ಊದುತ್ತಾ ಹೊಸ್ತಿಲು ದಾಟುವಾಗ ಹೇಳಿದಳು:

"ಛಲೋ ಆಯ್ತು ಬಿಡ್ರಿ. ಈ ಸಲ ಥಂಡಿ ಭಾಳ ಅದ, ಕೌದಿ ಮನ್ಯಾಗೇ ಉಳೀತಲ್ಲ."